ಅಮೆರಿಕದ ಯಾವ ದಶಕವನ್ನು ಓದಬೇಕು?

(ಪದವಿ ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಚರ್ಚಾಕೂಟದ ಕೊನೆಗೆ ಮಾಡಿದ ಭಾಷಣದ ಬರಹ ರೂಪ)



ಅಮೆರಿಕದ ಇತಿಹಾಸದಲ್ಲಿ ಅಧ್ಯಯನಕ್ಕೆ ಅತ್ಯಂತ ಯೋಗ್ಯವಾದ ದಶಕ ಯಾವುದು ಎಂಬ ವಿಷಯದಲ್ಲಿ ಎರಡು ಗಂಟೆಗಳ ಕಾಲ ನೀವು ವಾದಿಸಿದ್ದನ್ನು ನಾನು ಆಸಕ್ತಿಯಿಂದ ಕೇಳಿದ್ದೇನೆ. ಸ್ವಾತಂತ್ರ್ಯ ಘೋಷಣೆಯ 1770ರ ದಶಕ ಎಂದವರಿದ್ದರು. ಬ್ಯಾಂಕುಗಳು ಮುಳುಗಿ ಕೋಟ್ಯಂತರ ಮಂದಿ ನಿರುದ್ಯೋಗಿಗಳಾದ 1930ರ ದಶಕ ಎಂದವರೂ ಇದ್ದರು. ಬಹುಮತ ಮಾತ್ರ ಸ್ಪಷ್ಟವಾಗಿ 1960ರ ದಶಕದ ಕಡೆಗಿತ್ತು. ಈಗ ತೀರ್ಪು ಕೊಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ತೀರ್ಪುಗಾರನು ನಿಷ್ಪಕ್ಷಪಾತಿಯಾಗಿರಬೇಕು. ನಾನು ಹಾಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ. ನಾನೂ ಒಂದು ದಶಕದ ಪಕ್ಷಪಾತಿ. ನಿಮ್ಮಲ್ಲಿ ಯಾರೊಬ್ಬರೂ ಅದರ ಹೆಸರೆತ್ತಲಿಲ್ಲ ಎಂಬುದೇ ನಾನು ಇಲ್ಲಿ ಮಾತನಾಡಲು ಕಾರಣ.

ಮೊದಲು ನಿಮ್ಮ ಬಹುಮತಕ್ಕೆ ಗೌರವ ಸಲ್ಲಿಸೋಣ. 1964ರ ನಾಗರಿಕ ಹಕ್ಕುಗಳ ಕಾಯಿದೆ, 1965ರ ಮತದಾನ ಹಕ್ಕಿನ ಕಾಯಿದೆ, ಮಾಲ್ಕಂ ಎಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್‌ರ ಹತ್ಯೆ, ಸೈನ್ಯಕ್ಕೆ ಸೇರಲು ನಿರಾಕರಿಸಿ ವಿಶ್ವ ಚಾಂಪಿಯನ್ ಪಟ್ಟವನ್ನೇ ಕಳಕೊಂಡ ಮುಹಮ್ಮದ್ ಅಲಿ - ಇವೆಲ್ಲವೂ ಆ ದಶಕದವು. ಅದೇ 1965ರಲ್ಲಿ ವಲಸೆ ಕಾನೂನು ಬದಲಾಯಿತು. ಅದಕ್ಕೆ ಮೊದಲು 1946ರ ಕಾನೂನಿನಂತೆ ಭಾರತಕ್ಕಿದ್ದ ಪಾಲು ವರ್ಷಕ್ಕೆ ಕೇವಲ 100 ಮಂದಿ. ಇಂದು ನಮ್ಮ ಊರಿನ ಇಂಜಿನಿಯರನೋ ಡಾಕ್ಟರನೋ ನ್ಯೂಜೆರ್ಸಿಯಲ್ಲಿ ಮನೆ ಮಾಡಿದ್ದರೆ ಆ ಬಾಗಿಲು ತೆರೆದದ್ದು ಆ ದಶಕದಲ್ಲಿ. ಆದ್ದರಿಂದ ನಿಮ್ಮ ಆಯ್ಕೆಯನ್ನು ನಾನು ತಳ್ಳಿ ಹಾಕುತ್ತಿಲ್ಲ. ನನ್ನ ಪ್ರಶ್ನೆ ಬೇರೆ. 1965ರಲ್ಲಿ ಮತದಾನದ ಹಕ್ಕಿಗಾಗಿ ಹೊಸ ಕಾನೂನು ಬೇಕಾಯಿತು ಎಂದಾದರೆ, 1870ರಲ್ಲೇ ಸಂವಿಧಾನದ 15ನೇ ತಿದ್ದುಪಡಿಯು ಕರಿಯರಿಗೆ ಆ ಹಕ್ಕನ್ನು ಖಾತ್ರಿಪಡಿಸಿತ್ತಲ್ಲ, ಅದು ಎಲ್ಲಿ ಹೋಯಿತು?

ಇನ್ನೊಂದು ದಶಕಕ್ಕೂ ಒಂದೆರಡು ಮಾತು ಸಲ್ಲಬೇಕು. 1830ರ ದಶಕ. 1831ನೇ ಇಸವಿಯೊಂದನ್ನೇ ತೆಗೆದುಕೊಳ್ಳಿ. ಫ್ರಾನ್ಸಿನ ತಾಕ್ವಿಲ್ ಪ್ರಜಾಪ್ರಭುತ್ವವನ್ನು ಕಣ್ಣಾರೆ ಕಾಣಲೆಂದು ಆ ವರ್ಷ ಅಮೆರಿಕಕ್ಕೆ ಬಂದರು. ಸೊಂಟ ಮುರಿಯುವ ಚಳಿಯಲ್ಲಿ ಚೋಕ್ಟಾ ಬುಡಕಟ್ಟಿನವರನ್ನು ತಾಯ್ನೆಲದಿಂದ ಹೊರದೂಡಿ ಮಿಸಿಸಿಪ್ಪಿ ನದಿ ದಾಟಿಸುತ್ತಿದ್ದುದನ್ನೂ ಅವರು ಕಂಡರು. ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್‌ನ ನೇತೃತ್ವದಲ್ಲಿ ಗುಲಾಮರು ದಂಗೆಯೆದ್ದದ್ದೂ ಅದೇ ವರ್ಷ. ಅದೇ ವರ್ಷ ಉತ್ತರ ಕೆರೊಲಿನಾದಲ್ಲಿ ಒಬ್ಬ ವೃದ್ಧ ಗುಲಾಮ ಅರಬಿ ಭಾಷೆಯಲ್ಲಿ ತನ್ನ ಆತ್ಮಕಥೆಯನ್ನು ಬರೆದ. ಹೆಸರು ಉಮರ್ ಇಬ್ನ್ ಸಈದ್. ಇಂದಿನ ಸೆನೆಗಲ್ ಪ್ರದೇಶದ ವಿದ್ವಾಂಸ. 1807ರಲ್ಲಿ ಹಡಗಿನಲ್ಲಿ ತಂದು ಚಾರ್ಲ್ಸ್‌ಟನ್‌ನಲ್ಲಿ ಮಾರಿದರು. ಕ್ರೂರಿ ಒಡೆಯನಿಂದ ತಪ್ಪಿಸಿಕೊಂಡು ಫಯೆಟ್‌ವಿಲ್ ಎಂಬ ಊರಿಗೆ ಬಂದಾಗ ಅವರನ್ನು ಹಿಡಿದು ಜೈಲಿಗೆ ಹಾಕಲಾಯಿತು. ಅಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಅರಬಿಯಲ್ಲಿ ಬರೆದರಂತೆ. ತನ್ನ ಆತ್ಮಕಥೆಯನ್ನು ಅವರು ಆರಂಭಿಸಿದ್ದು ಸೂರಃ ಅಲ್ ಮುಲ್ಕ್‌ನಿಂದ, ಅಂದರೆ ಒಡೆತನ ಯಾರದು ಎಂಬುದನ್ನು ಹೇಳುವ ಅಧ್ಯಾಯದಿಂದ. ಇನ್ನೊಬ್ಬ ಮನುಷ್ಯನ ಸೊತ್ತೆಂದು ಕಾಗದದಲ್ಲಿ ನಮೂದಾಗಿದ್ದ ವ್ಯಕ್ತಿ ಆ ಅಧ್ಯಾಯವನ್ನೇ ಆರಿಸಿಕೊಂಡದ್ದರ ಅರ್ಥವನ್ನು ನಿಮಗೆ ವಿವರಿಸಬೇಕಾಗಿಲ್ಲ. ಆ ಹಸ್ತಪ್ರತಿ 2017ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಫಯೆಟ್‌ವಿಲ್ ಎಂಬ ಊರಿನ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ನನ್ನ ದಶಕ. ಇತಿಹಾಸವು ಸೊನ್ನೆಯಿಂದ ಆರಂಭವಾಗಿ ಸೊನ್ನೆಯಲ್ಲೇ ಮುಗಿಯಬೇಕೆಂಬ ನಿಯಮವಿಲ್ಲ. 1867ರ ಮಾರ್ಚ್‌ನಿಂದ 1877ರ ಏಪ್ರಿಲ್‌ವರೆಗಿನ ಹತ್ತು ವರ್ಷಗಳನ್ನು ನಾನು ಆರಿಸಿಕೊಂಡಿದ್ದೇನೆ. ಇತಿಹಾಸಕಾರರು ಇದನ್ನು ಪುನರ್ನಿರ್ಮಾಣದ ಕಾಲ ಎನ್ನುತ್ತಾರೆ; ಅವರ ಲೆಕ್ಕದಲ್ಲಿ ಅದು ಒಂದೆರಡು ವರ್ಷ ಮೊದಲೇ ಶುರುವಾಗುತ್ತದೆ.

ಹಿನ್ನೆಲೆ ನಿಮಗೆ ಗೊತ್ತು. 1861ರಿಂದ 1865ರವರೆಗೆ ಅಂತರ್ಯುದ್ಧ. ಆರೇಳು ಲಕ್ಷ ಸೈನಿಕರ ಸಾವು. ಸುಮಾರು 40 ಲಕ್ಷ ಗುಲಾಮರ ವಿಮೋಚನೆ. ಆ ಯುದ್ಧದ ಬಿಸಿ ನಮ್ಮ ಧಾರವಾಡಕ್ಕೂ ತಟ್ಟಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಲ್ಯಾಂಕಾಶೈರಿನ ಗಿರಣಿಗಳು ಹತ್ತಿಗಾಗಿ ನಮ್ಮತ್ತ ನೋಡಿದವು, ಧಾರವಾಡ ಸೀಮೆಯಲ್ಲಿ ಅದಾಗಲೇ ಬೆಳೆಯುತ್ತಿದ್ದ ಅಮೆರಿಕನ್ ತಳಿಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು, ಯುದ್ಧ ಮುಗಿದೊಡನೆ ಆ ಬೆಲೆ ಕುಸಿಯಿತು. ಅತ್ತ ದಕ್ಷಿಣದ ರಾಜ್ಯಗಳಲ್ಲಿ ಸೋತ ಭೂಮಾಲಕರು ಸುಮ್ಮನೆ ಕುಳಿತಿರಲಿಲ್ಲ. ಕೆಲಸವಿಲ್ಲದ ಕರಿಯನನ್ನು ಅಲೆಮಾರಿ ಎಂದು ಬಂಧಿಸಿ, ದಂಡ ಹಾಕಿ, ದಂಡ ಕಟ್ಟಲಾಗದಿದ್ದರೆ ಒಡೆಯನೊಬ್ಬನಿಗೆ ದುಡಿಯಲು ಒಪ್ಪಿಸುವ ಕಾನೂನುಗಳನ್ನು ಅವರು ಮಾಡಿದರು. ಗುಲಾಮಗಿರಿ ಎಂಬ ಪದವೊಂದನ್ನು ಬಿಟ್ಟು ಉಳಿದುದೆಲ್ಲವೂ ಅದರಲ್ಲಿತ್ತು. ಇದನ್ನು ಕಂಡು ಕೆರಳಿದ ಕಾಂಗ್ರೆಸ್ 1867ರಲ್ಲಿ ಹತ್ತು ರಾಜ್ಯಗಳನ್ನು ಸೇನಾಡಳಿತಕ್ಕೆ ಒಳಪಡಿಸಿತು ಮತ್ತು ಅಲ್ಲಿನ ಕರಿಯ ಗಂಡಸರಿಗೆ ಮತದಾನದ ಹಕ್ಕು ಕೊಟ್ಟಿತು. 1868ರ 14ನೇ ತಿದ್ದುಪಡಿಯು ಆ ನೆಲದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರೆಲ್ಲರೂ ಪೌರರು, ಕಾನೂನಿನ ಸಮಾನ ರಕ್ಷಣೆ ಎಲ್ಲರಿಗೂ ಸಲ್ಲಬೇಕು ಎಂದಿತು.

ಅನಂತರ ನಡೆದುದನ್ನು ನಂಬುವುದು ಕಷ್ಟ. ಎರಡು ವರ್ಷಗಳ ಹಿಂದೆ ಹರಾಜು ಕಟ್ಟೆಯಲ್ಲಿ ಮಾರಬಹುದಾಗಿದ್ದ ಮನುಷ್ಯರು ಸಂವಿಧಾನ ಬರೆಯಲು ಕುಳಿತರು. ಸುಮಾರು 2,000 ಮಂದಿ ಕರಿಯರು ಆ ಅವಧಿಯಲ್ಲಿ ಗ್ರಾಮ ಮಟ್ಟದಿಂದ ಸಂಸತ್ತಿನವರೆಗೆ ಸಾರ್ವಜನಿಕ ಹುದ್ದೆಗಳಲ್ಲಿದ್ದರು. ಅವರಲ್ಲಿ 16 ಮಂದಿ ಕಾಂಗ್ರೆಸ್ಸಿಗೇ ಆಯ್ಕೆಯಾದರು. ದಕ್ಷಿಣದಲ್ಲಿ ಸರಕಾರಿ ಶಾಲೆ ಎಂಬ ವ್ಯವಸ್ಥೆಯೇ ಇರಲಿಲ್ಲ ಎನ್ನುವಷ್ಟು ಕಡಿಮೆಯಿತ್ತು. ಅದನ್ನು ನೆಲೆಗೊಳಿಸಿದ್ದು ಈ ಹೊಸ ಸಂವಿಧಾನಗಳು. ಬಡ ಬಿಳಿಯರ ಮಕ್ಕಳಿಗೂ ಶಾಲೆಯ ಬಾಗಿಲು ತೆರೆದದ್ದು ಆವಾಗಲೇ. ಅಜ್ಜನೂ ಮೊಮ್ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತ ದಿನಗಳವು.

ಇವರಲ್ಲಿ ಹೈರಮ್ ರೆವೆಲ್ಸ್‌ರ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಹುಟ್ಟಿದ್ದು 1827ರಲ್ಲಿ, ಅದೇ ಫಯೆಟ್‌ವಿಲ್‌ನಲ್ಲಿ. ಗುಲಾಮನಾಗಿ ಅಲ್ಲ, ಸ್ವತಂತ್ರ ಕರಿಯ ಕುಟುಂಬದಲ್ಲಿ. 1870ರಲ್ಲಿ ಮಿಸಿಸಿಪ್ಪಿ ರಾಜ್ಯವು ಅವರನ್ನು ಸೆನೆಟ್‌ಗೆ ಆರಿಸಿತು. ಬಂಡಾಯದ ನಾಯಕ ಜೆಫರ್ಸನ್ ಡೇವಿಸ್ ಯುದ್ಧದ ಮೊದಲು ಸೆನೆಟ್‌ನಲ್ಲಿ ಪ್ರತಿನಿಧಿಸಿದ್ದ ರಾಜ್ಯವಿದು. ರೆವೆಲ್ಸ್ ಪ್ರಮಾಣ ವಚನ ಸ್ವೀಕರಿಸಲು ಬಂದಾಗ ವಿರೋಧಿಗಳು ಎದ್ದು ನಿಂತರು. ಈತ ಕರಿಯ, ಆದ್ದರಿಂದ ಬೇಡ ಎಂದು ಹೇಳುವುದಕ್ಕಿಂತ ನಾಜೂಕಾದ ದಾರಿಯೊಂದು ಅವರ ಬಳಿಯಿತ್ತು. ಸೆನೆಟರ್ ಆಗಬೇಕಾದರೆ ಒಂಬತ್ತು ವರ್ಷ ಪೌರನಾಗಿರಬೇಕು; 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರಿಯರು ಪೌರರೇ ಅಲ್ಲ ಎಂದಿದೆ; ಹಾಗಾದರೆ ಈತ ಪೌರನಾದದ್ದು ಈಚೆಗೆ ಎರಡೋ ನಾಲ್ಕೋ ವರ್ಷಗಳ ಹಿಂದೆ; ಒಂಬತ್ತು ವರ್ಷ ಎಲ್ಲಿ? ಇದು ಅವರ ವಾದ. ಆ ಮಣ್ಣಿನಲ್ಲೇ ಹುಟ್ಟಿದ, ಯುದ್ಧದಲ್ಲಿ ಸೈನಿಕರಿಗೆ ಪಾದ್ರಿಯಾಗಿ ಸೇವೆ ಸಲ್ಲಿಸಿದ, 42 ವರ್ಷದ ವ್ಯಕ್ತಿಯು ಗ್ಯಾಲರಿ ತುಂಬ ಜನ ನೋಡುತ್ತಿರುವಾಗ ದಿನಗಟ್ಟಲೆ ತಾನು ಈ ದೇಶದವನು ಹೌದೋ ಅಲ್ಲವೋ ಎಂಬ ಚರ್ಚೆಯನ್ನು ಕೇಳುತ್ತಾ ಕುಳಿತಿರಬೇಕಾಯಿತು. ಕೊನೆಗೆ ಫೆಬ್ರವರಿ 25ರಂದು 48 ಮತಗಳು ಅವರ ಪರವಾಗಿ, 8 ವಿರುದ್ಧವಾಗಿ ಬಿದ್ದವು. ಈ ಒಂದು ಚರ್ಚೆಯ ದಾಖಲೆಯನ್ನು ಓದಿದರೆ ಸಾಕು, ಪೌರತ್ವ ಎಂಬ ಪದವನ್ನು ಮುಂದೆ ಪತ್ರಿಕೆಯಲ್ಲಿ ಕಂಡಾಗಲೆಲ್ಲ ನೀವು ಒಮ್ಮೆ ನಿಲ್ಲುವಿರಿ.

ಕೊಟ್ಟದ್ದರ ಪಟ್ಟಿ ಇದು. ಕೊಡದೇ ಉಳಿದದ್ದು ಭೂಮಿ. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ಕರಾವಳಿಯ ಪ್ರದೇಶವೊಂದರಲ್ಲಿ ವಿಮೋಚಿತ ಕುಟುಂಬಗಳಿಗೆ 40 ಎಕರೆಯವರೆಗೆ ಭೂಮಿ ಕೊಡುವ ಆದೇಶ ಹೊರಡಿಸಿದ್ದರು. ಲಿಂಕನ್‌ರ ಬಳಿಕ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದರು. ಉತ್ತವರ ಕೈಗೆ ಬಂದದ್ದು ಪಾಲು ಬೇಸಾಯ ಮತ್ತು ಸಾಲದ ಪುಸ್ತಕ. ಕೂಡಿಟ್ಟ ಹಣವೂ ಉಳಿಯಲಿಲ್ಲ. ವಿಮೋಚಿತರಿಗಾಗಿಯೇ ಸ್ಥಾಪಿಸಲಾಗಿದ್ದ ಉಳಿತಾಯ ಬ್ಯಾಂಕು 1874ರಲ್ಲಿ ಮುಳುಗಿದಾಗ 60 ಸಾವಿರಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರ್ ಅದರಲ್ಲಿತ್ತು. ಬೇಸಾಯದ ಜಮೀನಿಲ್ಲದ, ಬ್ಯಾಂಕಿನಲ್ಲಿ ಹಣವಿಲ್ಲದ ಮನುಷ್ಯನ ಮತಪತ್ರಕ್ಕೆ ಎಷ್ಟು ಬಲವಿರುತ್ತದೆ ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸಲಿ.

ಇನ್ನು ಹಿಂಸೆ. 1865-66ರಲ್ಲಿ ಟೆನೆಸಿಯ ಪುಲಾಸ್ಕಿಯಲ್ಲಿ ಹುಟ್ಟಿದ ಕು ಕ್ಲಕ್ಸ್ ಕ್ಲಾನ್‌ನ ಹೆಸರನ್ನು ನೀವು ಕೇಳಿರುವಿರಿ. ಅಧ್ಯಕ್ಷ ಗ್ರಾಂಟ್ 1871ರಲ್ಲಿ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಿಗೆ ಸೈನ್ಯ ಕಳುಹಿಸಿ ಅದರ ಬೆನ್ನೆಲುಬು ಮುರಿದರು. ಅಂದರೆ ಸರಕಾರವು ಮನಸ್ಸು ಮಾಡಿದರೆ ಸಾಧ್ಯವಿತ್ತು. ಆದರೆ 1873ರ ಏಪ್ರಿಲ್ 13ರಂದು, ಈಸ್ಟರ್ ಭಾನುವಾರ, ಲೂಸಿಯಾನದ ಕೋಲ್‌ಫ್ಯಾಕ್ಸ್ ಎಂಬ ಸಣ್ಣ ಊರಿನಲ್ಲಿ ಏನಾಯಿತು ನೋಡಿ. ಚುನಾವಣೆಯ ಫಲಿತಾಂಶದ ಬಗ್ಗೆ ವಿವಾದವಿತ್ತು. ಕರಿಯರು ಕೋರ್ಟ್ ಕಟ್ಟಡವನ್ನು ಕಾಯುತ್ತಿದ್ದರು. ಶಸ್ತ್ರಸಜ್ಜಿತ ಬಿಳಿಯರು ಸುತ್ತುವರಿದು ಕಟ್ಟಡಕ್ಕೆ ಬೆಂಕಿ ಕೊಟ್ಟರು. ಶರಣಾದವರನ್ನೂ ಆ ರಾತ್ರಿ ಗುಂಡಿಕ್ಕಿ ಕೊಂದರು. ಸತ್ತವರ ಲೆಕ್ಕ 60ರಿಂದ 150ರವರೆಗೆ ಹೋಗುತ್ತದೆ. ನಿಖರವಾದ ಸಂಖ್ಯೆ ಇಂದಿಗೂ ಸಿಕ್ಕಿಲ್ಲ, ಯಾಕೆಂದರೆ ಎಣಿಸಬೇಕಾದವರಿಗೆ ಎಣಿಸುವ ಅಗತ್ಯ ಕಂಡಿರಲಿಲ್ಲ. ತೊಂಬತ್ತಕ್ಕೂ ಹೆಚ್ಚು ಮಂದಿಯ ಮೇಲೆ ಆರೋಪ ಪಟ್ಟಿ ಸಲ್ಲಿಕೆಯಾಯಿತು, ಶಿಕ್ಷೆಯಾದದ್ದು ಮೂವರಿಗೆ, ಅದೂ ಕೊಲೆಗಾಗಿ ಅಲ್ಲ, ಸಂಚಿಗಾಗಿ. 1876ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ರದ್ದುಗೊಳಿಸಿತು. ಹದಿನಾಲ್ಕನೇ ತಿದ್ದುಪಡಿಯು ರಾಜ್ಯ ಸರಕಾರಗಳ ಕೈಯನ್ನು ಕಟ್ಟುತ್ತದೆಯೇ ಹೊರತು ಖಾಸಗಿ ವ್ಯಕ್ತಿಗಳದ್ದನ್ನಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಅಂಶ. ಅಂದರೆ ಗುಂಪೊಂದು ನಿಮ್ಮನ್ನು ಕೊಂದರೆ ಸ್ಥಳೀಯ ಪೊಲೀಸರ ಬಳಿಗೇ ಹೋಗಿ. ಆ ಪೊಲೀಸರು ಯಾರು ಎಂಬುದು ಕೋರ್ಟಿನ ಚಿಂತೆಯಾಗಿರಲಿಲ್ಲ.

ಅದೇ 1873ರಲ್ಲಿ ನಮ್ಮ ಪುಣೆಯಲ್ಲಿ ಜ್ಯೋತಿರಾವ್ ಫುಲೆಯವರು ‘ಗುಲಾಮಗಿರಿ’ ಎಂಬ ಕೃತಿಯನ್ನು ಪ್ರಕಟಿಸಿದರು. ಗುಲಾಮರ ವಿಮೋಚನೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅವರು ಆ ಕೃತಿಯನ್ನು ಅರ್ಪಿಸಿದ್ದಾರೆ. ಸಾವಿರಾರು ಮೈಲು ದೂರದ ಜನರ ಹೋರಾಟದಲ್ಲಿ ನಮ್ಮ ಶೂದ್ರಾತಿಶೂದ್ರರ ಬಿಡುಗಡೆಯ ದಾರಿಯನ್ನು ಕಂಡ ಆ ದೃಷ್ಟಿ ದೊಡ್ಡದು. ಆದರೆ ಆ ಅರ್ಪಣೆ ಅಚ್ಚಾದ ವರ್ಷದಲ್ಲೇ ಕೋಲ್‌ಫ್ಯಾಕ್ಸ್‌ನ ನೆಲದಲ್ಲಿ ಹೆಣಗಳು ಬಿದ್ದಿದ್ದವು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮಗಿಲ್ಲ.

ಅಂತ್ಯವೂ ಕಾನೂನುಬದ್ಧವಾಗಿಯೇ ಆಯಿತು. 1876ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜನಮತದಲ್ಲಿ ಮುಂದಿದ್ದವರು ಟಿಲ್ಡನ್. ಮೂರು ದಕ್ಷಿಣದ ರಾಜ್ಯಗಳ ಎಣಿಕೆ ವಿವಾದಕ್ಕೀಡಾಗಿ 15 ಮಂದಿಯ ಆಯೋಗವೊಂದು ಎಂಟಕ್ಕೆ ಏಳರಂತೆ ತೀರ್ಮಾನ ನೀಡಿ ಹೇಯ್ಸ್‌ರನ್ನು 185-184ರ ಅಂತರದಿಂದ ಗೆಲ್ಲಿಸಿತು. ಮರು ವರ್ಷ ಏಪ್ರಿಲ್‌ನಲ್ಲಿ ಹೇಯ್ಸ್ ದಕ್ಷಿಣ ಕೆರೊಲಿನಾ ಮತ್ತು ಲೂಸಿಯಾನದ ಶಾಸನ ಭವನಗಳ ಬಳಿಯಿದ್ದ ಸೈನಿಕರನ್ನು ಬ್ಯಾರಕ್ಕುಗಳಿಗೆ ಮರಳಿಸಿದರು. ಒಬ್ಬರಿಗೆ ಕುರ್ಚಿ ಸಿಕ್ಕಿತು. ಬೆಲೆ ತೆತ್ತವರು ಆ ಮಾತುಕತೆಯ ಕೋಣೆಯಲ್ಲೇ ಇರಲಿಲ್ಲ.

ಗಮನಿಸಿ, ತಿದ್ದುಪಡಿಗಳನ್ನು ಯಾರೂ ರದ್ದು ಮಾಡಲಿಲ್ಲ. ಹದಿನೈದನೇ ತಿದ್ದುಪಡಿ ಪುಸ್ತಕದಲ್ಲಿ ಹಾಗೆಯೇ ಇತ್ತು. ಜನಾಂಗದ ಹೆಸರಿನಲ್ಲಿ ಮತ ನಿರಾಕರಿಸಬಾರದು ಎಂದು ಅದು ಹೇಳುತ್ತದೆ, ಸರಿ, ನಾವು ಜನಾಂಗದ ಹೆಸರನ್ನೇ ಎತ್ತುವುದಿಲ್ಲ ಎಂದರು ದಕ್ಷಿಣದ ಕಾನೂನು ಪಂಡಿತರು. 1890ರ ಮಿಸಿಸಿಪ್ಪಿ ಸಂವಿಧಾನವು ತಲೆಗಂದಾಯ ಕಟ್ಟಿದವನಿಗೆ, ಸಂವಿಧಾನದ ಕಲಮನ್ನು ಓದಿ ಅಥವಾ ಕೇಳಿ ಅರ್ಥ ಹೇಳಬಲ್ಲವನಿಗೆ ಮತ ಎಂದಿತು. ಅರ್ಥ ಸರಿಯೋ ತಪ್ಪೋ ಎಂದು ಹೇಳುವವನು ಬಿಳಿಯ ಗುಮಾಸ್ತ. 1898ರಲ್ಲಿ ಲೂಸಿಯಾನವು ಒಂದು ಹೆಜ್ಜೆ ಮುಂದೆ ಹೋಯಿತು. ಅಕ್ಷರ ಜ್ಞಾನ ಅಥವಾ ಆಸ್ತಿಯ ಅರ್ಹತೆ ಬೇಕು. ಆದರೆ 1867ರ ಜನವರಿ 1ರಂದು ನಿಮ್ಮ ತಂದೆಗೋ ಅಜ್ಜನಿಗೋ ಮತದಾನದ ಹಕ್ಕಿತ್ತು ಎಂದಾದರೆ ನಿಮಗೆ ವಿನಾಯಿತಿ. ಯಾಕೆ ಆ ದಿನಾಂಕ? ಕರಿಯರಿಗೆ ಹಕ್ಕು ಕೊಟ್ಟ ಕಾಯಿದೆ ಬಂದದ್ದು ಎರಡು ತಿಂಗಳ ಬಳಿಕ, ಮಾರ್ಚ್‌ನಲ್ಲಿ. ಅನಕ್ಷರಸ್ಥ ಬಿಳಿಯನಿಗೆ ಅಜ್ಜನಿದ್ದ. ಗುಲಾಮನ ಮೊಮ್ಮಗನಿಗೆ ಅಂತಹ ಅಜ್ಜ ಎಲ್ಲಿಂದ ಬರಬೇಕು? ಲೂಸಿಯಾನದಲ್ಲಿ 1896ರಲ್ಲಿ 1,30,334 ಕರಿಯರು ಮತದಾರರ ಪಟ್ಟಿಯಲ್ಲಿದ್ದರು. 1904ರ ವೇಳೆಗೆ ಉಳಿದವರು 1,342. ಅಜ್ಜನ ದಾಖಲೆ ಎಂದೊಡನೆ ಹಿಂದಿನ ಸಾಲಿನಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿಕೊಂಡಿರಿ. ನಾನು ಅಮೆರಿಕದ ವಿಷಯವನ್ನೇ ಹೇಳುತ್ತಿದ್ದೇನೆ.

ಈ ದಶಕವು ನಿಮ್ಮ ಚರ್ಚೆಯಲ್ಲಿ ಯಾಕೆ ಬರಲಿಲ್ಲ? ತಪ್ಪು ನಿಮ್ಮದಲ್ಲ. ನನ್ನ ಬಿ.ಎ. ಪಠ್ಯದಲ್ಲಿ ಅದಕ್ಕೆ ಇದ್ದದ್ದು ಒಂದು ಪ್ಯಾರಾ: ಉತ್ತರದಿಂದ ಬಂದ ಲಾಭಕೋರರು, ಅನಕ್ಷರಸ್ಥ ಕರಿಯ ಶಾಸಕರು, ಭ್ರಷ್ಟಾಚಾರ, ಕೊನೆಗೆ ದಕ್ಷಿಣದ ಬಿಡುಗಡೆ. ನಾನು ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದೆ. ಮದ್ರಸದಲ್ಲಿ ನನಗೆ ಕಲಿಸಿದ ಪಾಠ ಬೇರೆಯಿತ್ತು: ವರದಿಯನ್ನು ಒಪ್ಪುವ ಮೊದಲು ವರದಿಗಾರನನ್ನು ಪರೀಕ್ಷಿಸು. ಅವನು ಅಲ್ಲಿದ್ದನೇ? ಯಾರಿಂದ ಕೇಳಿದ? ಅದರಲ್ಲಿ ಅವನ ಹಿತಾಸಕ್ತಿ ಏನು? ಕಾಲೇಜಿನ ಮೆಟ್ಟಲು ಹತ್ತುವಾಗ ಆ ಪಾಠವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಂದಿದ್ದೆ ಎಂದು ಕಾಣುತ್ತದೆ. ವಸ್ತುತಃ ಆ ಪ್ಯಾರಾದ ಮೂಲ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯ ಪರಂಪರೆ. ಅದೇ ಕತೆಯನ್ನು 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಸಿನೆಮಾ ಮನೆಮನೆಗೆ ತಲುಪಿಸಿತು, ಶ್ವೇತಭವನದಲ್ಲೂ ಅದರ ಪ್ರದರ್ಶನವಾಯಿತು. ಆದರೆ ಪ್ರತ್ಯಕ್ಷದರ್ಶಿಗಳು ಬದುಕಿದ್ದರು. ಗುಲಾಮನಾಗಿ ಹುಟ್ಟಿ ಮಿಸಿಸಿಪ್ಪಿ ವಿಧಾನಸಭೆಯ ಸ್ಪೀಕರ್ ಆಗಿ, ಕಾಂಗ್ರೆಸ್ ಸದಸ್ಯರಾಗಿದ್ದ ಜಾನ್ ಲಿಂಚ್ 1913ರಲ್ಲೇ ತಾನು ಕಂಡ ಸತ್ಯಗಳನ್ನು ಪುಸ್ತಕವಾಗಿ ಬರೆದರು. ಪಂಡಿತರು ಕಿವಿಗೊಡಲಿಲ್ಲ. 1935ರಲ್ಲಿ ಡಬ್ಲ್ಯು.ಇ.ಬಿ. ಡು ಬೋಯಿಸ್ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಎಂಬ ಬೃಹತ್ ಗ್ರಂಥದ ಕೊನೆಯ ಅಧ್ಯಾಯವನ್ನು ಇತಿಹಾಸದ ಹೆಸರಿನಲ್ಲಿ ನಡೆದ ಈ ಪ್ರಚಾರಕ್ಕೇ ಮೀಸಲಿಟ್ಟರು. ವಿಶ್ವವಿದ್ಯಾನಿಲಯಗಳು ಅವರ ಮಾತನ್ನು ಒಪ್ಪಲು ಇನ್ನೂ ಮೂರು ದಶಕ ಬೇಕಾಯಿತು. ಕೋಲ್‌ಫ್ಯಾಕ್ಸ್‌ನಲ್ಲಿ 1950ರ ಹೊತ್ತಿಗೆ ರಾಜ್ಯ ಸರಕಾರವೇ ನೆಟ್ಟ ಫಲಕವು ಆ ಹತ್ಯಾಕಾಂಡವನ್ನು ದೊಂಬಿ ಎಂದು ಕರೆದು, ದುರಾಡಳಿತ ಕೊನೆಗೊಂಡ ಘಟನೆ ಎಂದು ಹೊಗಳಿತ್ತು. ಅದನ್ನು ಕಿತ್ತದ್ದು 2021ರಲ್ಲಿ.

ಆ ದಶಕದ ನಾಯಕರನ್ನು ಸಂತರನ್ನಾಗಿಸುವ ಉದ್ದೇಶ ನನಗಿಲ್ಲ. ಭ್ರಷ್ಟಾಚಾರ ಇತ್ತು, ಉತ್ತರದಲ್ಲೂ ಇತ್ತು. ಸಂವಿಧಾನದಲ್ಲಿ ‘ಪುರುಷ’ ಎಂಬ ಪದ ಮೊದಲ ಬಾರಿಗೆ ನುಸುಳಿದ್ದು ಅದೇ ಹದಿನಾಲ್ಕನೇ ತಿದ್ದುಪಡಿಯಲ್ಲಿ. ಸಹೋದರಿಯರು ಇದನ್ನು ಗಮನಿಸಿರಬಹುದು. 1870ರಲ್ಲಿ ಪೌರತ್ವ ನೀಡಿಕೆಯ ಕಾನೂನಿನಿಂದ ‘ಬಿಳಿಯ’ ಎಂಬ ಪದವನ್ನೇ ಕಿತ್ತು ಹಾಕಬೇಕೆಂದು ಸೆನೆಟರ್ ಚಾರ್ಲ್ಸ್ ಸಮ್ನರ್ ಕೇಳಿಕೊಂಡರು. ಚೀನೀಯರು ಒಳಗೆ ಬಂದಾರೆಂಬ ಭಯದಿಂದ ಅದು ಬಿದ್ದು ಹೋಯಿತು. ಆಫ್ರಿಕಾ ಮೂಲದವರನ್ನು ಸೇರಿಸಿ, ಏಷ್ಯದವರನ್ನು ಹೊರಗಿಟ್ಟರು. ಅದರ ಪರಿಣಾಮವನ್ನು 1923ರಲ್ಲಿ ಅನುಭವಿಸಿದವರು ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಅವರಿಗೆ, ನೀವು ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರಿರಿ ಎಂದಿತು ಸುಪ್ರೀಂ ಕೋರ್ಟು. ತಾನು ಉಚ್ಚ ಜಾತಿಯ ಆರ್ಯನೆಂಬುದು ತಿಂದ್‌ರ ವಾದವಾಗಿತ್ತು. ಅದರ ಬಗ್ಗೆ ಇನ್ನೊಂದು ದಿನ ಮಾತನಾಡೋಣ.

ಆದುದರಿಂದ ನಿಮ್ಮ 1960ರ ದಶಕಕ್ಕೆ ಮರಳುತ್ತೇನೆ. ಆಗ ಹೋರಾಡಿದವರ ಕೈಯಲ್ಲಿದ್ದ ಆಯುಧ 1868 ಮತ್ತು 1870ರದ್ದು. ಆ ಎರಡು ತಿದ್ದುಪಡಿಗಳು ತೊಂಬತ್ತು ವರ್ಷ ಧೂಳು ತಿಂದು ಬಿದ್ದಿದ್ದವು, ಸತ್ತಿರಲಿಲ್ಲ. 1965ರ ಕಾಯಿದೆಯ ಒಂದು ಮುಖ್ಯ ಕಲಮನ್ನು 2013ರಲ್ಲಿ ಸುಪ್ರೀಂ ಕೋರ್ಟು ಅನೂರ್ಜಿತಗೊಳಿಸಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹುಟ್ಟಿನಿಂದ ಬರುವ ಪೌರತ್ವವನ್ನು ಮಿತಗೊಳಿಸುವ ಆದೇಶ ಹೊರಡಿಸಿದಾಗ ನ್ಯಾಯಾಲಯಗಳಲ್ಲಿ ಎದ್ದ ವಾದವೆಲ್ಲ 1868ರ ಆ ಒಂದು ವಾಕ್ಯದ ಮೇಲೆಯೇ. ಅರುವತ್ತರ ದಶಕವನ್ನು ಮಾತ್ರ ಓದಿದವನಿಗೆ ಹಕ್ಕು ಎಂದರೆ ಒಮ್ಮೆ ಹತ್ತಿದರೆ ಮುಗಿಯುವ ಬೆಟ್ಟದಂತೆ ಕಂಡೀತು.

ಕೊನೆಯದಾಗಿ ಒಬ್ಬರ ವಿಷಯ ಹೇಳಿ ನಿಲ್ಲಿಸುತ್ತೇನೆ. ರಾಬರ್ಟ್ ಸ್ಮಾಲ್ಸ್ ದಕ್ಷಿಣ ಕೆರೊಲಿನಾದ ಬ್ಯೂಫೋರ್ಟ್ ಎಂಬ ಊರಿನಲ್ಲಿ ಗುಲಾಮನಾಗಿ ಹುಟ್ಟಿದವರು. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡಕ್ಕೆ ಹೋಗಿದ್ದಾಗ, ತಾನು ನಡೆಸುತ್ತಿದ್ದ ‘ಪ್ಲಾಂಟರ್’ ಎಂಬ ಹಡಗನ್ನೇ ತನ್ನ ಹೆಂಡತಿ ಮಕ್ಕಳ ಸಮೇತ ಚಾರ್ಲ್ಸ್‌ಟನ್ ಬಂದರಿನಿಂದ ಹೊರಡಿಸಿ, ಕೋಟೆಗಳ ಮುಂದೆ ಸರಿಯಾದ ಸಂಕೇತ ಕೊಟ್ಟು ದಾಟಿ, ಉತ್ತರದ ನೌಕಾಪಡೆಗೆ ಒಪ್ಪಿಸಿದರು. ಯುದ್ಧದ ಬಳಿಕ ಬ್ಯೂಫೋರ್ಟ್‌ನಲ್ಲಿ ತಮ್ಮ ಹಳೆಯ ಒಡೆಯನ ಮನೆಯನ್ನೇ ಖರೀದಿಸಿದರು. 1868ರಲ್ಲಿ ರಾಜ್ಯದ ಸಂವಿಧಾನ ಸಭೆಯಲ್ಲಿ ಕುಳಿತು ಎಲ್ಲ ಮಕ್ಕಳಿಗೂ ಸರಕಾರಿ ಶಾಲೆ ಬೇಕೆಂದು ವಾದಿಸಿದರು. ಅನಂತರ ಕಾಂಗ್ರೆಸ್ ಸದಸ್ಯರಾದರು. 1895ರಲ್ಲಿ ಅದೇ ರಾಜ್ಯವು ಕರಿಯರ ಮತ ಕಿತ್ತುಕೊಳ್ಳಲೆಂದೇ ಹೊಸ ಸಂವಿಧಾನ ಸಭೆ ಕರೆದಾಗ, ಅದರಲ್ಲಿದ್ದ ಆರು ಮಂದಿ ಕರಿಯ ಸದಸ್ಯರಲ್ಲಿ ಅವರೂ ಒಬ್ಬರು. ಸೋಲು ಖಚಿತವೆಂದು ಗೊತ್ತಿದ್ದೂ ಎದ್ದು ನಿಂತು ಮಾತನಾಡಿದರು. ಹೊಸ ಸಂವಿಧಾನಕ್ಕೆ ಸಹಿ ಹಾಕದವರಿಗೆ ಪ್ರಯಾಣ ಭತ್ತೆ ಕೊಡಬಾರದು ಎಂಬ ಮಾತು ಸಭೆಯಲ್ಲಿ ಬಂದಾಗ ಅವರು, ಸಹಿ ಹಾಕುವುದಕ್ಕಿಂತ ಬ್ಯೂಫೋರ್ಟ್‌ಗೆ ನಡೆದುಕೊಂಡೇ ಹೋಗುತ್ತೇನೆ ಎಂದರು. ರಾಜಧಾನಿ ಕೊಲಂಬಿಯಾದಿಂದ ಅದು ನೂರು ಮೈಲಿಗೂ ಹೆಚ್ಚು ದೂರ. ಅವರು ಸಹಿ ಹಾಕಲಿಲ್ಲ.